ಅವ್ವಾರ ಮನೆ ಮಜ್ಜಿಗೆ

ನನಗೆ ಈಗಲೂ ಸಿಟ್ಟಿದೆ. ವಯಸ್ಸಾದ ಮೇಲೆ ಸಿಟ್ಟು ತಾನಾಗಿ ಇಳಿಯುತ್ತದೆ ಅನ್ನುವವರ ಗಂಡಂದಿರು ಬೇರೆ ಥರದವರಿರಬೇಕು.

ಮದುವೆಯಾದ ಮೇಲೂ ಒಂದು ವರ್ಷ ನಾನು ಚಾಮರಾಜನಗರದ ತವರಲ್ಲೇ ಉಳಿದೆ. ನನ್ನವರು ಗುಂಡ್ಲುಪೇಟೆಯಲ್ಲಿ ಮೇಷ್ಟ್ರು. ಅಲ್ಲಿ ನಮಗೆ ಮನೆ ಸಿಕ್ಕಿರಲಿಲ್ಲ. ಐವತ್ತರ ದಶಕದ ಮಾತು. ಬಾಡಿಗೆಗೆ ಕೇಳಲು ಹೋದರೆ ಮೊದಲು ಜಾತಿ ಕೇಳುವರು. ಕಿರಿಸ್ತಾನರು ಅಂದ ಕೂಡಲೇ ಆ ಮನೆ ನಿನ್ನೆಯೇ ಇನ್ನೊಬ್ಬರಿಗೆ ಮಾತಾಗಿಬಿಟ್ಟಿರುತ್ತಿತ್ತು. ಕೊನೆಗೆ ಬೇಗೂರು ರಸ್ತೆಯ ಕಡೆ ಒಬ್ಬ ಲಿಂಗಾಯತ ಗೌಡರು, ಮಗನಿಗೆ ಪಾಠ ಹೇಳಿಕೊಟ್ಟ ಮೇಷ್ಟ್ರು ಎಂಬ ಮುಲಾಜಿಗೆ, ಹಿತ್ತಲ ಕಡೆಯ ಎರಡು ಕೋಣೆ ಬಿಟ್ಟುಕೊಟ್ಟರು. ಷರತ್ತು ಒಂದೇ: ಮಾಂಸ, ಮೀನು, ಮೊಟ್ಟೆ ಒಲೆ ಏರಬಾರದು. ಹೂಂ ಅಂದೆ. ಗಂಡ ಹೆಂಡತಿ ಒಂದು ಸೂರಿನಡಿ ಇರುವುದಕ್ಕೆ ಕೋಳಿಸಾರು ಬಿಡುವುದೇನು ದೊಡ್ಡದು?

ಗೌಡರ ಹೆಂಡತಿಯನ್ನು ನಾನು ಅವ್ವಾರು ಅನ್ನುತ್ತಿದ್ದೆ. ದಿನಾ ಬೆಳಿಗ್ಗೆ ಮೊಸರು ಕಡೆದು ಬೆಣ್ಣೆ ತೆಗೆದಾದ ಮೇಲೆ ಅವ್ವಾರು ಕೂಗುವರು, ನಾನು ಚೊಂಬು ಹಿಡಿದು ಹೋಗುವೆ. ತಮ್ಮ ಪಾತ್ರೆ ನನ್ನ ಚೊಂಬಿಗೆ ತಗುಲದ ಹಾಗೆ ಎತ್ತರದಿಂದ ಮಜ್ಜಿಗೆ ಹುಯ್ಯುವರು. ಅರ್ಧ ನನ್ನ ಸೀರೆಗೆ ಸಿಡಿಯುವುದು. ಕಾಸು ಕೊಡಲು ಹೋದರೆ, ಮಜ್ಜಿಗೆ ಮಾರುವ ಮನೆ ತಮ್ಮದಲ್ಲ ಎಂದು ಬಯ್ಯುವರು. ಹೀಗೇ ನಡೆದುಕೊಂಡು ಹೋಗುತ್ತಿತ್ತು.

ಅಷ್ಟರಲ್ಲಿ ತಪಸ್ಸು ಕಾಲ ಬಂತು. ಯೇಸು ಮತ್ತೆ ಎದ್ದುಬಂದ ಪಾಸ್ಕ ಹಬ್ಬಕ್ಕೆ ಮುಂಚಿನ ಆ ನಲವತ್ತು ದಿನ ನಮ್ಮವರು ಮಾಂಸ ಬಿಡುತ್ತಾರೆ. ಮೊದಲ ದಿನ, ವಿಭೂತಿ ಬುಧವಾರ, ಚಾಮರಾಜನಗರದ ಚರ್ಚಿಗೆ ಹೋಗಿ ಸ್ವಾಮಿಗಳಿಂದ ಹಣೆಗೆ ಬೂದಿ ಹಚ್ಚಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆವು. ತೆರಕಣಾಂಬಿ ದಾಟಿದ ಮೇಲೆ ನನ್ನವರು ಶುರು ಮಾಡಿದರು. ವರ್ಷವೆಲ್ಲಾ ಮಾಂಸ ಬೇಯಿಸದ ಮನೆಯಲ್ಲಿರುವ ನಾವು ಈಗ ಮಾಂಸ ಬಿಟ್ಟೆವು ಅಂದರೆ ದೇವರೇ ನಗುತ್ತಾನಂತೆ. ಅದಕ್ಕೆ ಇಬ್ಬರೂ ಹಾಲು, ಮೊಸರು, ಮಜ್ಜಿಗೆ, ತುಪ್ಪ ಎಲ್ಲಾ ಬಿಡಬೇಕಂತೆ. ಸ್ವಾಮಿಗಳಿಗೆ ಆಗಲೇ ಹೇಳಿಯೂ ಆಗಿತ್ತು, ಅವರು ಬಹಳ ಮೆಚ್ಚಿದ್ದರು. ನನ್ನನ್ನು ಕೇಳಿದ್ದು ಎಲ್ಲ ಮುಗಿದ ಮೇಲೆ. ಆಗ ಬೇಡ ಅಂದರೆ ನಾನು ಹೊಟ್ಟೆಬಾಕಿ. ಆಯಿತು, ಅವ್ವಾರಿಗೆ ನೀವೇ ಹೇಳಿ ಅಂದೆ. ಹೆಂಗಸರ ವ್ಯವಹಾರ, ನೀನೇ ಹೇಳು ಅಂದರು.

ಮನೆ ಮುಟ್ಟಿದಾಗ ಅವ್ವಾರು ನಮ್ಮ ಹಣೆ ನೋಡಿ ಹಿಗ್ಗಿಹೋದರು. ತಾವು ದಿನಾ ಇಟ್ಟುಕೊಳ್ಳುವ ವಿಭೂತಿ ನಮ್ಮಲ್ಲೂ ಉಂಟು ಎಂದು ಅವರಿಗೆ ಗೊತ್ತಿರಲಿಲ್ಲ. ಗೌಡರನ್ನೂ ಕರೆದು ತೋರಿಸಿದರು. ಮಾರನೆಯ ಬೆಳಿಗ್ಗೆ ನಾನು ಹೋಗಿ, ಹಬ್ಬದ ತನಕ ಮಜ್ಜಿಗೆ ಬೇಡ, ವ್ರತ ಅಂದೆ. ಅವರ ಮುಖ ಸಣ್ಣಗಾಯಿತು.

"ಉಪಾಸ್ದೋರು ಹಾಲೂ ಹಣ್ಣೂ ತಕ್ಕತಾರೆ ಕಣಮ್ಮಿ. ಹಾಲ್ನೇ ಬುಡೋ ವ್ರತ ಯಾವೂರ್ದು?"

ನಮ್ಮ ಕಡೆ ಒಂದು ಮನೆಯ ಮಜ್ಜಿಗೆ ಬೇಡ ಅಂದರೆ ಆ ಮನೆಯ ಸಹವಾಸವೇ ಬೇಡ ಅಂದ ಹಾಗೆ. ಅದು ನನಗೂ ಗೊತ್ತಿತ್ತು, ನನ್ನವರಿಗೂ ಗೊತ್ತಿತ್ತು. ನನ್ನ ಚೊಂಬು ತಗುಲಿದರೆ ಅವರಿಗೆ ಮೈಲಿಗೆ, ನಾನು ಚೊಂಬು ಒಡ್ಡದಿದ್ದರೆ ಅವರಿಗೆ ಅವಮಾನ. ಇದ್ಯಾವ ನ್ಯಾಯ ನೀವೇ ಹೇಳಿ.

ವ್ರತ ನಡೆಯಿತು. ಬೆಲ್ಲದ ಕರಿಕಾಫಿ, ಮುದ್ದೆ, ಉಪ್ಪೆಸರು, ಹುಚ್ಚೆಳ್ಳು ಚಟ್ನಿ. ಆ ಬಿಸಿಲಲ್ಲಿ ಮಜ್ಜಿಗೆಯಿಲ್ಲದೆ ಊಟ ಮುಗಿದ ಹಾಗೇ ಆಗುತ್ತಿರಲಿಲ್ಲ, ರಾತ್ರಿಯೆಲ್ಲಾ ಹೊಟ್ಟೆ ಉರಿಯುತ್ತಿತ್ತು. ನನ್ನವರು ಮಾತ್ರ ಸ್ಕೂಲಿನಲ್ಲಿ ಸಿಕ್ಕಸಿಕ್ಕವರಿಗೆಲ್ಲಾ ವ್ರತದ ವಿಚಾರ ಹೇಳಿಕೊಂಡು ಕಳೆಕಳೆಯಾಗಿದ್ದರು.

ಬಿಸಿಲೇರಿದಂತೆ ಅವ್ವಾರ ಹಸು ಹಾಲು ಕಮ್ಮಿ ಮಾಡಿತು. ಆಮೇಲೆ ಕರೆಯಲು ಕೂತರೆ ಒದೆಯತೊಡಗಿತು. ಹಸಿ ಹುಲ್ಲಿಲ್ಲದೆ ಆ ಬೀದಿಯ ಹಸುಗಳೆಲ್ಲಾ ಬತ್ತಿದ್ದವು, ಅವ್ವಾರ ಹಸು ಮಾತ್ರ ನನ್ನಿಂದ ಬತ್ತಿತು. ಬೂದಿ ಬಳಿದುಕೊಂಡು ಬಂದ ದಿನದಿಂದ ಹಾಲು ಮುಟ್ಟದೆ, ತಮ್ಮ ಕೊಟ್ಟಿಗೆಯ ಮೇಲೆ ಏನೋ ಮಾಟದ ಕಟ್ಟು ಹಾಕಿದ್ದೇವೆ ಎಂದು ಅವ್ವಾರು ನಂಬಿಬಿಟ್ಟರು. ಗೌಡರು ನನ್ನವರನ್ನು ಕರೆದು, ಹಬ್ಬ ಆದ ಮೇಲೆ ಮನೆ ಖಾಲಿ ಮಾಡಿ ಅಂದರು. ಇವರು ಬಂದು ನನಗೆ ಹೇಳಿ, ದೇವರಿದ್ದಾನೆ ಬಿಡು ಎಂದು ಜಪದ ಪುಸ್ತಕ ಬಿಚ್ಚಿಕೊಂಡು ಕೂತರು. ದೇವರಿಗೇನು, ಊರೂರಿಗೂ ಒಂದೊಂದು ಮನೆ ಇದೆ. ನಾನು ಮತ್ತೆ ಟ್ರಂಕು ಹೊತ್ತು ತವರಿಗೆ ಹೋಗಬೇಕಾಗಿತ್ತು.

ಮಾರನೆಯ ಬೆಳಿಗ್ಗೆ, ಇದ್ದ ಚೂರು ಮೊಸರನ್ನೇ ಕಡೆಯುವ ಕಡೆಗೋಲಿನ ಸದ್ದು ಕೇಳಿತು. ಯಾರೂ ಕೂಗಲಿಲ್ಲ. ನಾನೇ ಚೊಂಬು ತೆಗೆದುಕೊಂಡು ಹೋಗಿ ಅವ್ವಾರ ಮುಂದೆ ನಿಂತು, ಹುಯ್ಯಿರಿ ಅಂದೆ. ಜಗಲಿಯ ಮೇಲೆ ಗೌಡರಿದ್ದರು. ನಮ್ಮ ಬಾಗಿಲಲ್ಲಿ ನನ್ನವರು ನಿಂತಿದ್ದರು. ಅವ್ವಾರು ನನ್ನ ಮುಖವನ್ನೇ ನೋಡಿದರು.

"ಇಲ್ಲೇ ಕುಡಿ, ನೋಡಾನ."

ಎಂದಿನ ಹಾಗೇ ಎತ್ತರದಿಂದ ಹುಯ್ದರು. ಅವರ ಕಣ್ಣ ಮುಂದೆಯೇ ಚೊಂಬು ಬರಿದು ಮಾಡಿದೆ. ಹುಳಿ ಮಜ್ಜಿಗೆ ಗಂಟಲಲ್ಲಿ ಇಳಿಯುವಾಗ ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. ಅವ್ವಾರು ಸೆರಗಿನಲ್ಲಿ ಕೈ ಒರೆಸಿಕೊಂಡು ಗೌಡರ ಕಡೆ ತಿರುಗಿ, "ಇರ್ಲಿ ಬುಡಿ, ಎಲ್ಗೋದಾರು ಪಾಪ," ಅಂದರು. ಅಷ್ಟಕ್ಕೆ ಮನೆ ಉಳಿಯಿತು.

ಒಳಗೆ ಬಂದೆ. ನನ್ನವರು ಬಾಗಿಲು ಮುಂದೆ ಮಾಡಿ, ಮೆಲ್ಲಗೆ, "ವ್ರತ ಮುರಿದೆಯಲ್ಲ. ಹಬ್ಬದೊಳಗೆ ಸ್ವಾಮಿಗಳ ಹತ್ತಿರ ಪಾಪನಿವೇದನೆ ಮಾಡಿಬಿಡು," ಅಂದರು. ಚೊಂಬನ್ನು ಅವರ ತಲೆಗೆ ಎಸೆಯಲಿಲ್ಲ, ಅದೇ ನನ್ನ ತಪಸ್ಸು. ಪಾಪನಿವೇದನೆಯನ್ನೂ ಮಾಡಲಿಲ್ಲ. ಹಬ್ಬದ ದಿನ ನನ್ನ ತವರಲ್ಲಿ, ನನ್ನ ಅವ್ವನ ಮುಂದೆ, ತಾನು ವ್ರತ ಪೂರ್ತಿ ಮಾಡಿದೆ, ಇವಳಿಗೆ ಬಾಯಿಚಪಲ ತಡೆಯಲಿಲ್ಲ ಎಂದು ನಗುತ್ತಾ ಹೇಳಿ ಅನ್ನಕ್ಕೆ ಮೊಸರು ಹಾಕಿಸಿಕೊಂಡರು.

ಮರುವರ್ಷ ಅದೇ ಬುಧವಾರ, ಅದೇ ಬಸ್ಸು. ತೆರಕಣಾಂಬಿ ದಾಟಿದ ಮೇಲೆ ಮತ್ತೆ ಹಾಲು ಮೊಸರಿನ ಮಾತು ತೆಗೆದರು.

"ಬಿಡೋಣಂತೆ," ಅಂದೆ. "ಈ ಸಲ ಅವ್ವಾರ ಮುಂದೆ ಹೋಗಿ ನೀವು ಹೇಳಿ."

ಅವರು ಕಿಟಕಿಯ ಆಚೆ ನೋಡತೊಡಗಿದರು. ಆ ವರ್ಷ ನಶ್ಯ ಬಿಟ್ಟರು. ಅದನ್ನು ಯಾರ ಮನೆಗೂ ಹೋಗಿ ಹೇಳಬೇಕಾಗಿರಲಿಲ್ಲ.