ಹುಣಸೆ ಮರಕ್ಕೆ ಹೊಡೆದ ಮೊಳೆ

ಗೆಳೆಯರೇ, ಇವತ್ತು ನನ್ನ ಹೆಂಡತಿ ಗೌರಮ್ಮ ದೆವ್ವವಾದಳು. ತೀರಿಕೊಂಡು ಎರಡು ತಿಂಗಳಾಯಿತು. ದೆವ್ವವಾದದ್ದು ಮಾತ್ರ ಇವತ್ತು ಬೆಳಿಗ್ಗೆ, ಪಕ್ಕದ ಹೊಲದ ತಿಪ್ಪಣ್ಣನ ಬಾಯಲ್ಲಿ.

ಹುಣಸೆ ಮರದಡಿ ಅವನು ನೆಟ್ಟ ಮೆಣಸಿನ ಸಸಿಗಳೆಲ್ಲ ಸುಟ್ಟಂತೆ ಸತ್ತುಹೋಗಿವೆ. ಗೇಣುದ್ದದ ಗಾಡಿ ಮೊಳೆ ಹಿಡಿದು ನಮ್ಮ ಬಾಗಿಲಿಗೆ ಬಂದ.

“ಬ್ಯಾಸರ ಮಾಡ್ಕಬ್ಯಾಡಪ್ಪ. ನಿನ್ನ ಹೆಂಡ್ತಿ ಆ ಮರದಾಗೆ ಸೇರ್ಕಂಡಾಳೆ. ಮೊಳೆ ಹೊಡೆದು ಕಟ್ಟಿ ಹಾಕ್ತೀನಿ.”

“ನಿಮ್ಮಪ್ಪನ ಕಾಲದಾಗೆ ಆ ಮರದಡಿ ಏನು ಬೆಳೀತಿತ್ತು, ತಿಪ್ಪಣ್ಣ?”

“ಹುಲ್ಲೂ ಬೆಳೀತಿರಲಿಲ್ಲ.”

“ಆಗ ಅದರಾಗೆ ಯಾರ ಹೆಂಡ್ತಿ ಇದ್ಲು?”

ಅವನು ಮೊಳೆಯ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತ ನಿಂತ.

ಬೇಸಿಗೆಯಲ್ಲಿ ಅವನು ಅಲ್ಲಿ ಪಾತಿ ಅಗೆಯುವಾಗ ಗೌರಮ್ಮನೇ ಬೇಲಿಯಾಚೆಯಿಂದ ಹೇಳಿದ್ದಳು: “ಭಾವ, ಹುಣಸೆ ಎಲೆ ಕೊಳೆತು ಅದರ ಹುಳಿ ಮಣ್ಣಿಗೆ ಇಳಿತೈತೆ, ಎಳೇ ಬೇರು ಸುಡ್ತೈತೆ. ಬಯಲಾಗೆ ನೆಡ್ರಿ.”

“ಹೆಂಗಸರ ಮಾತು ಕೇಳಿ ಬೇಸಾಯ ಮಾಡಾಣೇನಪ್ಪ?” ಎಂದು ಅವನು ನನ್ನ ಕಡೆ ನೋಡಿ ನಕ್ಕಿದ್ದ. ನಾನೂ ನಕ್ಕಿದ್ದೆ. ಅದನ್ನೂ ಬರೆಯಬೇಕಲ್ಲ.

ಮಧ್ಯಾಹ್ನ ಮೊಳೆ ಹೊಡೆಯುವ ಸದ್ದು ನಮ್ಮ ಜಗಲಿಯವರೆಗೂ ಕೇಳಿಸಿತು. ಜೀವವಿದ್ದಾಗ ಅವಳ ಮಾತಿಗೆ ಕಿವಿ ಕೊಡದವನು, ಸತ್ತ ಮೇಲೆ ಅವಳ ಬಾಯಿಗೆ ಮೊಳೆ ಹೊಡೆದ. ಇನ್ನು ಭಯವಿಲ್ಲವಂತೆ. ನಾಳೆ ಅದೇ ನೆರಳಿನಲ್ಲಿ ಹೊಸ ಸಸಿ ನೆಡುತ್ತಾನೆ.

ಅವೂ ಸತ್ತರೆ ಹಿರಿಯೂರಿನ ಕುಲುಮೆಯಲ್ಲಿ ಇನ್ನೂ ಉದ್ದದ ಮೊಳೆ ಮಾಡಿಸುತ್ತಾನಂತೆ.