ಹೆರಿಗೆ ಕೋಣೆಯ ಹೊರಗೆ ನಾನು ಅಂದ "ಬ್ಯಾಡ"

ನನ್ನ ಹೆಂಡತಿ ಹೆರಿಗೆ ನೋವಿನಲ್ಲಿ ಒದ್ದಾಡುತ್ತಾ, ನೋವಿಗೆ ಏನಾದರೂ ಕೊಡಿ ಎಂದು ಕೇಳಿದ್ದಳು. ಕೊಡುವುದಕ್ಕೆ ಅವರ ಹತ್ತಿರ ಇತ್ತು. ಬಾಗಿಲ ಹೊರಗೆ ನಿಂತಿದ್ದ ನಾನು ಬೇಡ ಅಂದೆ. ಆಮೇಲೆ, ಆ ಆಸ್ಪತ್ರೆಯಲ್ಲಿ ಅಂಥದ್ದು ಏನೂ ಇರಲಿಲ್ಲ ಅಂತ ಅವಳಿಗೆ ಸುಳ್ಳು ಹೇಳಿದೆ. ಇಪ್ಪತ್ನಾಲ್ಕು ವರ್ಷ ಅವಳು ಅದನ್ನೇ ನಂಬಿಕೊಂಡು ಬಂದಳು.

ತಪ್ಪು ಇಷ್ಟೇ. ಬರೆದ ಮೇಲೆ ನೋಡಿದರೆ ನಾಲ್ಕೈದು ಸಾಲು. ಹೊತ್ತುಕೊಂಡು ತಿರುಗಿದಾಗ ಇಷ್ಟು ಸಣ್ಣದಿರಲಿಲ್ಲ.

ನಾನು ಕುರುಗೋಡಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೇಲರ್ — ಕಬ್ಬಿಣದ್ದು ಏನಿದ್ದರೂ ಮಾಡುತ್ತೇನೆ. ಆರನೇ ಕ್ಲಾಸಿಗೆ ಸಾಲಿ ಬಿಟ್ಟೆ. ಬಿಟ್ಟದ್ದಕ್ಕೆ ನಾಚಿಕೆ ಪಟ್ಟವನಲ್ಲ ಅಂತ ಎಲ್ಲರ ಮುಂದೆ ಹೇಳುತ್ತಿದ್ದೆ. ನಾನು ಹಚ್ಚಿದ ಜಾಯಿಂಟು ಬಿಟ್ಟಿತು ಅಂತ ಇವತ್ತಿನವರೆಗೆ ಒಬ್ಬರೂ ವಾಪಸ್ ಬಂದಿಲ್ಲ. ಗಿರಿಜಾ ಸಿರಿಗೇರಿಯ ಹುಡುಗಿ, ಪಿಯುಸಿ ಪಾಸಾದವಳು. ನಮ್ಮ ಮದುವೆಯಲ್ಲಿ ಅವರ ಕಡೆಯ ಹೆಂಗಸೊಬ್ಬಳು, "ಹುಡುಗಿ ಪೆನ್ನು ಹಿಡದಾಕಿ, ಹುಡುಗ ಸುತ್ತಿಗಿ ಹಿಡದಾಂವ" ಅಂತ ಅಂದು ನಗಾಡಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕೆ, ಆದರೆ ಆ ಮಾತನ್ನು ಬಿಡಲಿಲ್ಲ.

ಮೊದಲ ಹೆರಿಗೆ ತವರಿನಲ್ಲಿ ಅಂತ ಗಿರಿಜಾ ಸಿರಿಗೇರಿಯಲ್ಲೇ ಇದ್ದಳು. ಬೆಳಿಗ್ಗೆ ನೋವು ಶುರುವಾಯಿತು. ಅವಳ ತಮ್ಮ ಬಸವರಾಜ ಜೀಪು ಮಾಡಿಕೊಂಡು ಬಳ್ಳಾರಿಗೆ ಕರೆತಂದ — ಬ್ರೂಸ್‌ಪೇಟೆಯ ಸಂದಿಯೊಂದರಲ್ಲಿದ್ದ ಸಣ್ಣ ನರ್ಸಿಂಗ್ ಹೋಮಿಗೆ. ನಾನು ಅಂಗಡಿ ಬಾಗಿಲು ಎಳೆದು ಗಾಡಿ ಹತ್ತಿ ಬಂದೆ. ಹೊರಗಿನ ಬೆಂಚಿನ ಮೇಲೆ ನಾನು, ನಮ್ಮ ಅತ್ತೆ, ಬಸವರಾಜ.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಸಿಸ್ಟರ್ ಒಂದು ಕಾಗದ ಹಿಡಿದು ಹೊರಗೆ ಬಂದಳು.

"ನಿಮ್ಮ ಮನಿಯವರು ನೋವಿಗೆ ಏನರ ಕೊಡ್ರಿ ಅಂತ ಕೇಳಾಕತ್ತಾರ್ರಿ. ತೊಡಿಗಿ ಹಾಕೋ ಇಂಜೆಕ್ಷನ್ ಐತಿ, ಇಲ್ಲಾಂದ್ರ ಉಸಿರಾಡೋ ಗ್ಯಾಸ್ ಐತಿ. ನೋವು ಪೂರಾ ಹೋಗಂಗಿಲ್ಲ, ತಡಕೊಳ್ಳೋ ಹಂಗ ಆಗ್ತೈತಿ. ಇದನ್ನ ಓದಿ ಸೈನ್ ಮಾಡ್ರಿ."

ಗ್ಯಾಸ್ ಅಂದ ಕೂಡಲೇ ಬಸವರಾಜ ನನ್ನ ಕಡೆ ತಿರುಗಿದ. "ಮಾವ, ಇದು ನಿಮ್ಮ ಲೈನೇ ಐತಿ ನೋಡ್ರಿ. ನೀವ ಹೇಳ್ರಿ."

ಹೌದಲ್ಲ, ನನ್ನ ಲೈನೇ. ದಿನಾ ಸಿಲಿಂಡರ್ ಪಕ್ಕ ಕೂತು ಕಬ್ಬಿಣ ಕತ್ತರಿಸುವವನು ನಾನು. ಅತ್ತೆಯೂ ನನ್ನ ಮುಖ ನೋಡಿದಳು. ಎದೆ ಉಬ್ಬಿಸಿದೆ.

"ಗ್ಯಾಸಿನ ವಿಷಯ ನನಗ ಹೇಳ್ತೀರೇನ್ರಿ ಸಿಸ್ಟರ್? ಅದನ್ನ ಮೂಗಿಗಿ ಹಿಡದ್ರ ಕೂಸಿನ ಗತಿ ಏನು?"

ಸಿಸ್ಟರ್ ಬೇಜಾರು ಮಾಡಿಕೊಳ್ಳದೆ ಹೇಳಿದಳು. ಅದು ನಿಮ್ಮ ಅಂಗಡಿಯ ಗ್ಯಾಸಲ್ಲ, ಬೇರೆ. ಆಕ್ಸಿಜನ್ ಜೊತೆ ಬೆರೆಸಿದ್ದು. ಮಾಸ್ಕ್ ಅವರ ಕೈಯಲ್ಲೇ ಇರುತ್ತದೆ, ನೋವು ಬಂದಾಗ ಎಳೆದುಕೊಳ್ಳುತ್ತಾರೆ, ಬಿಟ್ಟರೆ ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ.

"ಬ್ಯಾಡ."

"ಹಂಗಾದ್ರ ಇಂಜೆಕ್ಷನ್?"

"ಅದೂ ಬ್ಯಾಡ. ನಮ್ಮ ಮನಿ ಹೆಣ್ಮಕ್ಕಳು ತಡಕೊಂತಾರ."

"ಅವರಿಗೇ ಈ ಪೇಪರ್ ತೋರಿಸ್ಲ್ಯಾ? ಒಂದ್ ಮಾತು ಕೇಳ್ತೀನಿ."

"ಆಕಿನ್ನ ಏನ್ ಕೇಳ್ತೀರಿ? ಹೇಳಾಂವ ನಾ ಇಲ್ಲೇ ಅದೀನಲ್ಲ."

ಅವತ್ತು ಒಳಗೆ ಇನ್ನೂ ಇಬ್ಬರು ಹೆರಿಗೆಗೆ ಬಂದಿದ್ದರು. ಸಿಸ್ಟರಿಗೆ ನನ್ನ ಜೊತೆ ವಾದ ಮಾಡುತ್ತಾ ನಿಲ್ಲುವಷ್ಟು ಪುರುಸೊತ್ತಿರಲಿಲ್ಲ. ಕಾಗದ ಮಡಚಿಕೊಂಡು ಹೋದಳು.

ಕೂಸಿನ ಮೇಲಿನ ಹೆದರಿಕೆಗೆ ಹಾಗಂದೆ ಅಂತ ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹೆದರಿಕೆಯೇ ಆಗಿದ್ದರೆ ಗ್ಯಾಸ್ ಒಂದೇ ಬೇಡ ಅನ್ನಬೇಕಿತ್ತು. ಇಂಜೆಕ್ಷನ್ ಯಾಕೆ ಬೇಡ ಅಂದೆ? ಅವಳನ್ನು ಕೇಳುವುದು ಯಾಕೆ ಬೇಡ ಅಂದೆ?

ಆ ಕಾಗದ ಇಂಗ್ಲಿಷಿನಲ್ಲಿತ್ತು.

ಅಷ್ಟೇ. ನನಗೆ ಓದಲು ಬರಲಿಲ್ಲ. ಸಿಸ್ಟರೇ, ಇದರಲ್ಲಿ ಏನು ಬರೆದಿದೆ ಅಂತ ಕೇಳುವುದಕ್ಕೆ ನಾಲಿಗೆ ಏಳಲಿಲ್ಲ. ಅತ್ತೆ ಪಕ್ಕದಲ್ಲಿದ್ದಳು, ಬಸವರಾಜ ಇದ್ದ. ಅದನ್ನು ಓದಬಲ್ಲವಳು ಗೋಡೆಯ ಆಚೆ ಇದ್ದಳು — ಒಳಗೆ ಹೋದರೆ ಅವಳು ಓದುತ್ತಾಳೆ, ಓದಿ ತಾನೇ ಹೇಳುತ್ತಾಳೆ, ಆಗ ನಾನು ಯಾವನು? ಅವಳ ನೋವಿಗಿಂತ ನನ್ನ ಮುಖ ನನಗೆ ದೊಡ್ಡದಾಯಿತು. ಇದನ್ನು ಬೇರೆ ಹೇಗೆ ಬರೆದರೂ ಸುಳ್ಳಾಗುತ್ತದೆ.

ಮಗಳು ಹುಟ್ಟಿದ್ದು ಮೂರು ಗಂಟೆ ದಾಟಿದ ಮೇಲೆ. ಅಲ್ಲಿಯವರೆಗೆ, ಮೂರು ತಾಸು, ಗಿರಿಜಾಳ ದನಿ ಕೇಳುತ್ತಲೇ ಇತ್ತು. ಅವಳದು ಅಂತ ಗುರುತೇ ಸಿಗದ ದನಿ. ಅತ್ತೆ ಕೇಳಲಾರದೆ ಎದ್ದು ನಲ್ಲಿಯ ಹತ್ತಿರ ಹೋಗಿ ನಿಂತಳು. ನಾನು ಕಿಟಕಿಯ ಗ್ರಿಲ್ ಹಿಡಿದು ನಿಂತಿದ್ದೆ. ಹೇಳಲು ಹೇಸಿಗೆಯಾಗುತ್ತದೆ — ಆ ಹೊತ್ತಿನಲ್ಲಿ ನಾನು ಆ ಗ್ರಿಲ್ಲಿನ ಜಾಯಿಂಟು ನೋಡುತ್ತಿದ್ದೆ. ಯಾವನೋ ಅಡ್ಡಾದಿಡ್ಡಿ ಹಚ್ಚಿದ್ದಾನಲ್ಲ ಅಂದುಕೊಳ್ಳುತ್ತಿದ್ದೆ. ಒಂದು ಸಲ ಹೋಗಿ ಬಾಗಿಲು ಬಡಿದು, ಸಿಸ್ಟರ್, ಕೊಡ್ರಿ, ಅಂದಿದ್ದರೆ ಸಾಕಿತ್ತು. ಮೂರು ತಾಸು ಇತ್ತು ನನಗೆ.

ಸಂಜೆ ಅವಳ ಮಂಚದ ಹತ್ತಿರ ಹೋದಾಗ ಅವಳು ಮೊದಲು ಕೇಳಿದ್ದೇ ಅದನ್ನು.

"ರೀ, ನೋವಿಗೆ ಏನರ ಐತೇನು ಅಂತ ಕೇಳಿ ಕಳಿಸಿದ್ದೆ. ನಿಮ್ಮನ್ನ ಕೇಳಿದ್ರೇನು?"

"ಕೇಳಿದ್ರು... ಅಲ್ಲ, ನಾನ ಕೇಳಿದೆ. ಇಲ್ಲಿ ಅಂಥಾದ್ದು ಏನೂ ಇಲ್ಲಂತ."

"ಪಾಪ, ಇದ್ದಿದ್ರ ಕೊಡ್ತಿದ್ರು. ಆ ಸಿಸ್ಟರ್ ಭಾಳ ಚಲೋ ಹುಡುಗಿ."

ಅಳಿಯನ ಮರ್ಯಾದೆ ಅಂತ ಅತ್ತೆಯಾಗಲಿ ಬಸವರಾಜನಾಗಲಿ ಅವಳ ಮುಂದೆ ಆ ಮಾತು ಎತ್ತಲೇ ಇಲ್ಲ. ಒಂದು ಸುಳ್ಳು ಹೇಳಿ ಸುಮ್ಮನಿರಬಹುದಿತ್ತು. ನಾನು ಅದಕ್ಕೆ ಬಣ್ಣ ಹಚ್ಚಿದೆ. ತೊಟ್ಟಿಲು ಕಾರ್ಯದ ದಿನ ನೆಂಟರ ನಡುವೆ ಮೀಸೆ ತಿರುವಿ, "ಒಂದು ಸೂಜಿ ಇಲ್ದಂಗ ಹಡದಾಳ ನನ್ನ ಹೆಂಡ್ತಿ" ಅಂದೆ. ಹೆಂಗಸರು ಅವಳ ಗಲ್ಲ ಹಿಡಿದು ಹೊಗಳಿದರು. ಮೊದಲು ಅವಳಿಗೆ ಮುಜುಗರವಾಯಿತು; ವರ್ಷ ಕಳೆದಂತೆ ಹೆಮ್ಮೆಯಾಯಿತು. ಪಟ್ಟ ಕಷ್ಟಕ್ಕೆ ಏನಾದರೂ ಅರ್ಥ ಬೇಕಲ್ಲ ಮನುಷ್ಯರಿಗೆ... ನಾನು ಕೊಟ್ಟ ಅರ್ಥವನ್ನೇ ಅವಳು ಇಟ್ಟುಕೊಂಡಳು.

ನನ್ನ ತಮ್ಮನ ಹೆಂಡತಿ ಲಲಿತಾ. ತನ್ನ ಹೆರಿಗೆಯಲ್ಲಿ ನೋವಿಗೆ ಇಂಜೆಕ್ಷನ್ ತಗೊಂಡಿದ್ದಳು. ಅದನ್ನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಸಹಜವಾಗಿ ಹೇಳಿದಳು. ಗಿರಿಜಾ ಒಲೆಯ ಮುಂದಿನಿಂದಲೇ, "ಇಷ್ಟಕ್ಕ ಸೂಜಿಗಿ ಕೈ ಚಾಚಿದ್ಯೇನ ನಮ್ಮವ್ವ? ನಾವೇನು ಹಡದಿಲ್ಲೇನು? ಬೆಣ್ಣಿ ಬೊಂಬಿ ನೀ" ಅಂದಳು. ಲಲಿತಾ ಕೈಯ ಹಿಟ್ಟು ಒರೆಸಿಕೊಂಡು ಹೊರಗೆ ಹೋದಳು. ಮುಂದೆ ಆ ಮನೆಗೂ ನಮಗೂ ಹೋಗಿಬರುವುದು ಕಡಿಮೆಯಾಯಿತು. ಆವತ್ತು ನಾನು ಅಲ್ಲೇ ಊಟಕ್ಕೆ ಕೂತಿದ್ದೆ. ಬಾಯಿಬಿಟ್ಟು ಹೇಳಬಹುದಿತ್ತು. ಇನ್ನೊಂದು ಸ್ವಲ್ಪ ಪಲ್ಯ ಹಾಕು ಅಂದೆ.

ಈಗ ಆವತ್ತು ಹುಟ್ಟಿದ ಮಗಳು, ಸೌಮ್ಯ, ಹೆರಿಗೆಗೆ ಬಂದಿದ್ದಾಳೆ. ಗಂಡನ ಮನೆ ಸಿರುಗುಪ್ಪ; ಅಳಿಯ ಮಹಾಂತೇಶ ರೈಸ್ ಮಿಲ್ಲಿನಲ್ಲಿ ಮಷೀನ್ ನೋಡಿಕೊಳ್ಳುತ್ತಾನೆ. ಎಂಟು ತಿಂಗಳು ತುಂಬಿದ ಮೇಲೆ ಗಿರಿಜಾ, ನಾನು ಇಬ್ಬರೂ ಅವಳನ್ನು ಬಳ್ಳಾರಿಗೆ ತೋರಿಸಲು ಕರೆದುಕೊಂಡು ಹೋದೆವು. ಆಸ್ಪತ್ರೆ ಬೇರೆ, ಕಾಲ ಬೇರೆ. ಅಲ್ಲಿಯ ಸಿಸ್ಟರ್ ಸೌಮ್ಯಳನ್ನು ಎದುರಿಗೆ ಕೂರಿಸಿಕೊಂಡು ಒಂದೊಂದಾಗಿ ಹೇಳಿದಳು.

"ಬೆನ್ನಿಗೆ ಕೊಡೋ ಸೂಜಿ ನಮ್ಮಲ್ಲಿ ಇಲ್ಲಮ್ಮ. ಅದಿಲ್ಲಾಂದ್ರ ಏನೂ ಇಲ್ಲ ಅಂತಲ್ಲ. ನೋವು ಶುರುವಾದ ಮ್ಯಾಗ ಓಡ್ಯಾಡಬಹುದು, ದೊಡ್ಡ ಬಾಲ್ ಐತಿ, ಅದರ ಮ್ಯಾಗ ಕುಂದ್ರಬಹುದು. ಬಿಸಿನೀರಿನ ಚೀಲ ಸೊಂಟಕ್ಕ ಇಡ್ತೀವಿ. ಜೊತಿಗೆ ಒಬ್ಬರನ್ನ ಒಳಗ ಬಿಡ್ತೀವಿ, ಅವರು ಸೊಂಟ ಒತ್ತಿ ತಿಕ್ಕಬಹುದು. ಇನ್ನೂ ಬೇಕಂದ್ರ ಗ್ಯಾಸ್ ಐತಿ. ಇಂಜೆಕ್ಷನ್ನೂ ಐತಿ, ಆದ್ರ ಸ್ವಲ್ಪ ತಲಿ ಸುತ್ತತೈತಿ. ಹೆರಿಗಿ ತೀರಾ ಹತ್ರ ಬಂದ್ರ ಕೊಡಂಗಿಲ್ಲ, ಕೂಸಿಗಿ ಮಂಪರು ಬರ್ತೈತಿ. ನಿನಗೇನು ಬೇಕು ಯೋಚನಿ ಮಾಡಿ ಹೇಳು."

ಸೌಮ್ಯ ಬಾಯಿ ತೆರೆಯುವ ಮೊದಲೇ ಗಿರಿಜಾ ಅಂದಳು: "ಏನೂ ಬ್ಯಾಡ್ರಿ ಸಿಸ್ಟರ್. ನಾ ಏನೂ ಇಲ್ದ ಹಡದೀನಿ, ನನ್ನ ಮಗಳೂ ತಡಕೊಂತಾಳ."

ಮಗಳು ನನ್ನನ್ನು ನೋಡಿದಳು. ಕೇಳಬೇಕು ಅಂತಿತ್ತು ಅವಳ ಮುಖದಲ್ಲಿ. ಅಮ್ಮನ ಮುಂದೆ ಸಣ್ಣವಳಾಗಬಾರದು ಅಂತ ತಲೆ ತಗ್ಗಿಸಿ, "ಹೂಂ ಸಿಸ್ಟರ್, ಬ್ಯಾಡ" ಅಂದಳು.

ನನ್ನ ಮಾತು. ಅಕ್ಷರ ಅಕ್ಷರ ನನ್ನದೇ ಮಾತು — ಹೆಂಡತಿಯ ಬಾಯಿಂದ ಹೊರಟು ಮಗಳ ಬಾಯಿ ಮುಚ್ಚಿಸಿತು. ವಾಪಸ್ ಬರುವಾಗ ಬಸ್ಸಿನಲ್ಲಿ ತೀರ್ಮಾನ ಮಾಡಿದೆ. ಇದು ಇಲ್ಲಿಗೆ ನಿಲ್ಲಬೇಕು. ನಿಲ್ಲಿಸಬೇಕಾದವನು ನಾನೇ.

ಮರುದಿನ ಬೆಳಿಗ್ಗೆ ಸೌಮ್ಯ ವಾಕಿಂಗಿಗೆ ಹೋಗಿದ್ದಳು. ಗಿರಿಜಾ ಪಡಸಾಲೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತೆ.

"ಏನ್ರಿ, ಅಂಗಡಿಗೆ ಹೋಗಂಗಿಲ್ಲೇನು ಇವತ್ತು? ಮುಖ ಯಾಕ ಹಂಗ ಮಾಡೀರಿ, ಬಿಪಿ ಗುಳಿಗಿ ತಗೊಂಡ್ರಿಲ್ಲೋ?"

ಹೇಳಿದೆ. ಇಲ್ಲಿ ಬರೆದಷ್ಟು ಸರಿಯಾಗಿ ಹೇಳಲಿಲ್ಲ. ಮುಂದಿನದು ಹಿಂದೆ, ಹಿಂದಿನದು ಮುಂದೆ ಆಯಿತು. ಆದರೆ ಏನನ್ನೂ ಉಳಿಸಿಕೊಳ್ಳಲಿಲ್ಲ. ಗ್ಯಾಸ್ ಇತ್ತು, ಇಂಜೆಕ್ಷನ್ ಇತ್ತು, ನಿನ್ನನ್ನು ಕೇಳುತ್ತೇನೆ ಅಂತ ಸಿಸ್ಟರ್ ಅಂದಿದ್ದಳು, ನಾನೇ ಬಿಡಲಿಲ್ಲ — ಎಲ್ಲ.

ಅವಳ ಕೈ ನಿಲ್ಲಲಿಲ್ಲ. ಎಲೆ ಒಂದು ಕಡೆ, ದಂಟು ಒಂದು ಕಡೆ. ಕಟ್ಟು ಮುಗಿಸಿದಳು. ಆಮೇಲೆ ಕೇಳಿದಳು:

"ಪೇಪರ್ ಇಂಗ್ಲಿಷ್‌ದಾಗಿತ್ತೇನು?"

"ಹೂಂ."

"ನನಗ ಓದಾಕ ಬರ್ತಿತ್ತಲ್ರಿ."

ಬೈಯಲಿಲ್ಲ, ಅಳಲಿಲ್ಲ. ಇಷ್ಟೇ ಅಂದಳು. ನಾನು ಏನೋ ಹೇಳಲು ಹೋದೆ — ಕೈ ಎತ್ತಿ ತಡೆದಳು.

"ನನ್ನದು ಹೋಗ್ಲಿ. ಆ ಲಲಿತಾಗ ಎಷ್ಟೆಷ್ಟು ಅಂದೀನಿ ನಾನು... ಎಷ್ಟು ಸಣ್ಣ ಮಾಡೀನಿ ಆಕಿನ್ನ..." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಫೋನ್ ಹಚ್ಚಿದ್ದು ಕೇಳಿಸಿತು. "ಲಲಿತಾ, ನಾನವ್ವ, ಅಕ್ಕ" ಅಂದದ್ದು ಕೇಳಿಸಿತು. ಮುಂದಿನದನ್ನು ಕೇಳಿಸಿಕೊಳ್ಳುವ ಹಕ್ಕು ನನಗಿಲ್ಲ ಅಂತ ಅಂಗಡಿಗೆ ಹೊರಟುಹೋದೆ.

ಮಗಳಿಗೂ ನಾನೇ ಹೇಳಿದೆ. ಅವಳು, "ಅಪ್ಪಾ, ನೀ ಹಂಗ ಮಾಡಿದ್ಯಾ?" ಅಂದಳು. ಮಾಡಿದೆ, ಅಂದೆ. ಹಿಂದಿನ ವಾರ ಮತ್ತೆ ಬಳ್ಳಾರಿಗೆ ಹೋದಾಗ ಗಿರಿಜಾ ಮಗಳ ಹೆಗಲ ಮೇಲೆ ಕೈ ಇಟ್ಟು ಸಿಸ್ಟರಿಗೆ ಹೇಳಿದಳು: "ಅವತ್ತು ನಾ ನಡುವ ಬಾಯಿ ಹಾಕಿದೆ. ಆಕಿನ್ನ ಕೇಳ್ರಿ." ಸೌಮ್ಯ ಮೊದಲು ಓಡಾಡಿ, ಬಿಸಿನೀರಿನ ಚೀಲ ಇಟ್ಟು ನೋಡುತ್ತೇನೆ, ಸಾಲದಿದ್ದರೆ ಗ್ಯಾಸ್ ಕೊಡಿ, ಅಂದಳು. ಒಳಗೆ ಜೊತೆಗೆ ಅಮ್ಮ ಇರಲಿ, ಅಂದಳು. ಸೊಂಟ ಹೇಗೆ ಒತ್ತಬೇಕು ಅಂತ ಸಿಸ್ಟರ್ ತೋರಿಸಿದಾಗ ಗಿರಿಜಾ ಎರಡೆರಡು ಸಲ ಕೇಳಿ ಕಲಿತಳು. ಅವಳು ಕಲಿಯುವುದನ್ನು ನೋಡುತ್ತಾ ನಿಂತಾಗ... ಅವಳ ಸೊಂಟಕ್ಕೆ ಆವತ್ತು ಯಾರೂ ಕೈ ಇಟ್ಟಿರಲಿಲ್ಲ.

ಗಿರಿಜಾ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ಊಟಕ್ಕೆ ಕರೆಯುತ್ತಾಳೆ, ಗುಳಿಗೆ ಕೊಡುತ್ತಾಳೆ. ಕ್ಷಮಿಸು ಅಂತ ನಾನು ಕೇಳಿಲ್ಲ. ಕೇಳಿದರೆ ಅವಳು ಉತ್ತರ ಕೊಡಬೇಕಾಗುತ್ತದೆ. ಆ ಕೆಲಸವನ್ನೂ ಅವಳ ಮೇಲೆ ಹೊರಿಸುವುದಿಲ್ಲ.

ಇನ್ನೊಬ್ಬನಿಗೆ ಹೇಳುವುದು ಉಳಿದಿದೆ. ಮದುವೆಯಾದ ಹೊಸದರಲ್ಲಿ ಮಹಾಂತೇಶನನ್ನು ಅಂಗಡಿಯಲ್ಲಿ ಕೂರಿಸಿಕೊಂಡು, ನಿಮ್ಮ ಅತ್ತಿ ಒಂದು ಸೂಜಿ ಇಲ್ದ ಹಡದಾಳ, ನಮ್ಮ ಮಗಳೂ ಹಂಗ ಗಟ್ಟಿ, ಅಂತ ನಾನೇ ಅವನ ಕಿವಿಗೆ ತುಂಬಿದ್ದೆ. ಹುಡುಗ ನನ್ನ ಮಾತು ಅಂದರೆ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಕೆಲಸ ಅಂದ್ರ ಮಾವಂದು, ಅಂತ ಮಿಲ್ಲಿನಲ್ಲಿ ಎಲ್ಲರ ಮುಂದೆ ಹೇಳುತ್ತಾನಂತೆ. ಹೆರಿಗೆಯ ದಿನ ಆ ಬಾಗಿಲ ಹೊರಗೆ ನಿಲ್ಲುವವನು ಅವನು. ಅವನೊಳಗೆ ನನ್ನ ಮಾತು ಇರಬಾರದು. ಫೋನಿನಲ್ಲಿ ಹೇಳುವ ವಿಷಯ ಇದಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗುತ್ತೇನೆ. ಕೂತು, ಅವನ ಮುಖ ನೋಡಿಕೊಂಡೇ ಹೇಳುತ್ತೇನೆ. ಆಮೇಲೆ ಅವನ ಕಣ್ಣಿನಲ್ಲಿ ಈ ಮಾವ ಮೊದಲಿನ ಮಾವನಾಗಿ ಇರುವುದಿಲ್ಲ.

ಇರದಿದ್ದರೆ ಬೇಡ. ಹೋಗುತ್ತೇನೆ.