ಅತ್ತೆಯ ಬೆಲ್ಲು, ಪಕ್ಕದ ಮನೆಯ ಕಟರ್ರು

ಇಂದು ಬೆಳಿಗ್ಗೆ ನಮ್ಮ ಓಣಿಯಲ್ಲಿ ಯಾರೋ ನೆಲಕ್ಕೆ ಹಾಸುವ ಫರ್ಶಿಕಲ್ಲು ಕತ್ತರಿಸತೊಡಗಿದರು. ಆ ಕರ್ಕಶ ಸದ್ದು ಕಿವಿಗೆ ಬಿದ್ದದ್ದೇ ತಡ, ಪೇಪರ್ ಕೆಳಗಿಟ್ಟು ಎದ್ದು ನಿಂತುಬಿಟ್ಟೆ. ನಿಮಗೆ ನಗು ಬರಬಹುದು. ಮೂರು ವರ್ಷದ ಹಿಂದೆ ಹದಿನೈದು ದಿನ ಈ ಸದ್ದಿಗೆ ಓಡಾಡಿದ ಕಾಲುಗಳಿವು, ಇನ್ನೂ ಮರೆತಿಲ್ಲ.

ಆಗ ನನ್ನ ಸೋದರತ್ತೆ ಬಸವಕಲ್ಯಾಣದ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು. ಘಾಟಬೋರಾಳದಲ್ಲಿ ಎಮ್ಮೆಗಳನ್ನೂ ಓಣಿಯ ಹೆಂಗಸರನ್ನೂ ಒಟ್ಟಿಗೇ ಆಳಿದವಳು, ಸೊಂಟದ ಮೂಳೆ ಮುರಿದು ನಮ್ಮ ಹಿಂದಿನ ಕೋಣೆಯ ಮಂಚ ಹಿಡಿದಿದ್ದಳು. ಕರೆಯುವುದೆಂದರೆ ಅವಳಿಗೆ ಸಂಕೋಚ. "ಹೊರಗ ಮಂದಿ ಇರ್ತಾರ, ನೀರ್ ತಾ ಅಂತ ಒದರ್ಲೇನು?" ಎನ್ನುತ್ತಿದ್ದಳು. ಹೆಂಡತಿ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವವನು ನಿವೃತ್ತ ಮೇಷ್ಟ್ರಾದ ನಾನೊಬ್ಬನೇ. ಅದಕ್ಕೇ ಹುಮನಾಬಾದಿನಿಂದ ವೈರ್ ಇಲ್ಲದ ಕಾಲಿಂಗ್ ಬೆಲ್ಲೊಂದನ್ನು ತಂದೆ. ಒತ್ತುವ ಗುಂಡಿ ಅತ್ತೆಯ ದಿಂಬಿನ ಬಳಿ, ಬಡಿಯುವ ಡಬ್ಬಿ ಪಡಸಾಲೆಯ ಪ್ಲಗ್ಗಿನಲ್ಲಿ.

ಮೂರನೆಯ ದಿನಕ್ಕೇ ಬೆಲ್ಲಿಗೆ ಹುಚ್ಚು ಹಿಡಿಯಿತು. ಟಿಂಗ್ ಟಾಂಗ್ ಎಂದಿತು, ಓಡಿದೆ.

"ಏನತ್ತಿ?"

"ಏನಿಲ್ಲಪ್ಪ, ನಾ ಒತ್ತೇ ಇಲ್ಲ."

ಬಂದು ಕೂತರೆ ಮತ್ತೆ ಟಿಂಗ್ ಟಾಂಗ್. ಅಡಿಗೆಮನೆಯಲ್ಲಿದ್ದರೆ ಒಲೆ ಆರಿಸಿ ಓಡಬೇಕು. ಬಚ್ಚಲಲ್ಲಿದ್ದರೆ, ಬಿಡಿ, ಅದನ್ನು ಬರೆಯಬಾರದು. ಗುಂಡಿಯ ಸೆಲ್ ಬದಲಿಸಿದೆ. ಅತ್ತೆಯ ಕೈ ತಾಗುತ್ತಿರಬೇಕೆಂದು ಗುಂಡಿಯನ್ನು ಗೋಡೆಗೆ ಅಂಟಿಸಿದೆ. ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ ಬೆಲ್ಲನ್ನೇ ಬದಲಿಸಿಕೊಂಡು ಬಂದೆ, ಅದೂ ಎರಡು ಸಲ. ಅಂಗಡಿಯಲ್ಲಿ ಹಚ್ಚಿ ನೋಡಿದರೆ ಆ ದರಿದ್ರದ್ದು ಸಭ್ಯ ಮಗುವಿನ ಹಾಗೆ ಸುಮ್ಮನಿರುತ್ತಿತ್ತು. "ಮಾಲ್ ಪಕ್ಕಾ ಅದರಿ ಸರ. ನಿಮ್ಮ ಮನ್ಯಾಗೇ ಏನರ ಗಡಬಡ ಅದ," ಎಂದ ಅಂಗಡಿಯವನು. ನನಗೆ ಮೈಯೆಲ್ಲ ಉರಿಯಿತು.

ಗಡಬಡ ಮನೆಯಲ್ಲೇ ಇತ್ತು. ಪಕ್ಕದ ವೈಜಿನಾಥ ಹೊಸ ಮನೆ ಕಟ್ಟಿಸುತ್ತಿದ್ದ. ಅಲ್ಲಿ ಫರ್ಶಿ ಕತ್ತರಿಸುವ ಕಟರ್ ಮಷೀನು ಬಿಟ್ಟು ಬಿಟ್ಟು ಕಿರುಚುತ್ತಿತ್ತು. ಅದಕ್ಕೆ ಕರೆಂಟು ಹೋಗುತ್ತಿದ್ದದ್ದು ನಮ್ಮದೇ ಪಡಸಾಲೆಯ ಕಿಟಕಿಯಿಂದ. ಮನೆ ಕಟ್ಟುವವರಿಗೆ ನೆರೆಯವರು ನೀರು, ಕರೆಂಟು ಕೊಡುವುದು ನಮ್ಮ ಕಡೆ ಕೇಳಬೇಕಾದ ಮಾತೇ ಅಲ್ಲ. ಕೊಟ್ಟ ಮೇಲೆ ಆ ವೈರಿನತ್ತ ತಿರುಗಿ ನೋಡುವುದೂ ಮರ್ಯಾದೆಯಲ್ಲ. ನಾನು ಮಹಾ ಮರ್ಯಾದಸ್ಥ, ನೋಡಲಿಲ್ಲ. ಬೆಲ್ಲಿನ ಡಬ್ಬಿಯೂ ಕಟರಿನ ವೈರೂ ಒಂದೇ ಬೋರ್ಡಿನಲ್ಲಿ ಅಕ್ಕಪಕ್ಕ ಕೂತಿದ್ದವು.

ಕೊನೆಗೊಂದು ದಿನ ಸಿಟ್ಟು ನೆತ್ತಿಗೇರಿತು. ಬೆಲ್ ಬಡಿಯಿತು, ಏಳಲಿಲ್ಲ. ಮತ್ತೆ ಬಡಿಯಿತು, ಬಡ್ಕೊ ಎಂದು ಪೇಪರಿನ ಪುಟ ತಿರುವಿದೆ. ಚಹಾ ಹಿಡಿದು ಹೋದಾಗ ಅತ್ತೆ ನೆಲದ ಮೇಲಿದ್ದಳು. ಮೊಣಕೈ ತರಚಿ ರಕ್ತ ಬಂದಿತ್ತು. ಪಕ್ಕದಲ್ಲಿ ತಂಬಿಗೆ ಉರುಳಿತ್ತು.

"ಎರಡ್ ಸಲ ಒತ್ತಿದೆಪ್ಪ. ನೀ ಬರ್ಲಿಲ್ಲ. ನಾನೇ ನೀರ್ ತಗೋಳಾಕ ಹೋದೆ," ಎಂದಳು, ತಪ್ಪು ತನ್ನದೇ ಎಂಬಂತೆ.

ನಾನು ಕೂಗಿದ್ದಕ್ಕೆ ವೈಜಿನಾಥನೂ ಅವನ ಮನೆಗೆ ಫರ್ಶಿ ಹಾಕುತ್ತಿದ್ದ ಮಂಠಾಳದ ಮಿಸ್ತ್ರಿಯೂ ಓಡಿ ಬಂದು, ಮೂವರೂ ಸೇರಿ ಅವಳನ್ನು ಮಂಚಕ್ಕೇರಿಸಿದೆವು. ಪುಣ್ಯಕ್ಕೆ ಸೊಂಟಕ್ಕೆ ಪೆಟ್ಟಾಗಿರಲಿಲ್ಲ. ಬೆಲ್ಲಿನ ಕತೆ ಕೇಳಿದ ಮಿಸ್ತ್ರಿ ಬೋರ್ಡಿನತ್ತ ಒಮ್ಮೆ ನೋಡಿದ, ಅಷ್ಟೇ.

"ನನ್ನ ಮಷೀನಿನ ಮೋಟರಿಗೆ ತಿಕ್ಕೋ ಕಾರ್ಬನ್ ತುಂಡು ಸವದದರಿ. ಚಾಲೂ ಮಾಡಿದ್ರ ಒಳಗ ಕಿಡಿ ಹಾರ್ತಾವ, ಬಾಜೂಕಿನ ಸಾಮಾನೆಲ್ಲ ಹುಚ್ಚೇಳ್ತಾವ. ರಾಜೇಶ್ವರ ಊರಾಗ ಒಬ್ಬರ ಟೀವಿ ಕುಣೀತಿತ್ತು."

"ಗೊತ್ತಿದ್ದೂ ಯಾಕ ಹೇಳ್ಲಿಲ್ಲೋ ಮಾರಾಯಾ?"

"ನೀವು ಕೇಳ್ಲೇ ಇಲ್ಲಲ್ರಿ ಸರ."

ಹದಿನೈದು ದಿನ ಗೋಡೆಯಾಚೆಗೇ ಇದ್ದ ಮನುಷ್ಯನನ್ನು ಬಿಟ್ಟು ನಾನು ಹುಮನಾಬಾದಿಗೆ ಓಡಾಡಿದ್ದೆ. ಯಾರನ್ನು ಬೈಯುವುದು? ಮರುದಿನವೇ ಮಿಸ್ತ್ರಿ ಹೊಸ ಕಾರ್ಬನ್ ಹಾಕಿಸಿದ. ಕಟರಿನ ವೈರನ್ನು ಮೀಟರಿನ ಬಳಿಯಿಂದಲೇ ಬೇರೆ ಎಳೆದರು. ಸೆಲ್ಲಿನ ಮೇಲೆ ನಡೆಯುವ ಬೆಲ್ ತಂದು ದೂರದ ಗೋಡೆಗೆ ಹಚ್ಚಿದೆ. ಆಮೇಲೆ ಅತ್ತೆ ಒತ್ತಿದರೆ ಮಾತ್ರ ಬಡಿಯತೊಡಗಿತು, ದಿನಕ್ಕೆ ಮೂರೋ ನಾಲ್ಕೋ ಸಲ.

ವಾರದ ಮೇಲೆ ಬೀಗುತ್ತಾ ಕೇಳಿದೆ: "ಈಗ ಆರಾಮ ಆತಿಲ್ಲತ್ತಿ?"

ಅವಳು ಗೋಡೆ ನೋಡುತ್ತಾ ಹೇಳಿದಳು: "ಬೆಲ್ ಕೆಟ್ಟಾಗೇ ಛಲೋ ಇತ್ತಪ್ಪ. ದಿನಕ್ಕ ಹತ್ತ್ ಸಲ ನಿನ್ನ ಮಾರಿ ಕಾಣ್ತಿತ್ತು."

ಅವತ್ತು ಅವಳ ತಂಬಿಗೆಗೆ ನೀರು ತುಂಬಿಸಿಟ್ಟು ಹೊರಗೆ ಬಂದೆ. ಇನ್ನು ಮೇಲೆ ಸುಮ್ಮನೆ ಬಂದು ಕೂರುತ್ತೇನೆ ಎಂದುಕೊಂಡೆ. ಎಂದುಕೊಂಡದ್ದಷ್ಟೇ. ಬೆಲ್ ಸರಿಯಿದೆಯಲ್ಲ, ಬೇಕಾದರೆ ಒತ್ತುತ್ತಾಳೆ ಎಂದು ಮೂರು ವರ್ಷ ಕಳೆದುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಇಂದು ಎದ್ದು ನಿಂತವನು ಹೇಗೂ ಎದ್ದೆನಲ್ಲ ಎಂದು ಹಿಂದಿನ ಕೋಣೆಗೆ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡು ಅತ್ತೆ ಗಾಬರಿಯಾದಳು.

"ಯಾಕಪ್ಪ, ಏನರ ಬೇಕಾಗಿತ್ತೇನು?" ಎಂದು ಅವಳೇ ನನ್ನನ್ನು ಕೇಳಿದಳು.